ಹಾಳೆಯ ಮೇಲಿನ ವಾಲ್ವುಗಳು

ನಮ್ಮ ಹಳೇ ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿ ಕಟ್ಟಲು ಕೊಪ್ಪದಿಂದ ಬಂದ ಮೆಕ್ಯಾನಿಕ್ಕಿಗೆ ಒಂದೇ ಮಾತು ಗೊತ್ತಿತ್ತು. ಬೋಲ್ಟು ತುಂಡಾದರೂ ಸರಿ, ಪ್ಯಾಕಿಂಗ್ ಹರಿದರೂ ಸರಿ, "ಆಯ್ತು ಮಾರಾಯ, ಮತ್ತೆ ಮೊದ್ಲಿಂದ ಮಾಡುವ" ಎಂದು ಸೊಂಟ ಹಿಡಿದು ಕೂರುತ್ತಿದ್ದರು.

ಎರಡು ದಿನ ಕೂತು ಆರು ವಾಲ್ವುಗಳನ್ನೂ ಅವುಗಳದೇ ಸೀಟಿಗೆ ಸರಿಯಾಗಿ ಕೂರುವಂತೆ ಉಜ್ಜಿ, ಅದಲುಬದಲಾಗದಂತೆ ಅಡಿಕೆ ಹಾಳೆಯ ಮೇಲೆ ಸಾಲಾಗಿ ಇಟ್ಟಿದ್ದರು. ಅವರು ಒಳಗೆ ಊಟಕ್ಕೆ ಕೂತಾಗ ನಾನು ಉಪಕಾರ ಮಾಡಲು ಹೋಗಿ, ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿದು ಡೀಸೆಲ್‌ನಲ್ಲಿ ತೊಳೆದುಬಿಟ್ಟೆ.

ಬಕೆಟ್ ನೋಡಿ ಅವರು ಸೊಂಟ ಹಿಡಿದು ಕೂತರು. ಈ ಸಲ ಆ ಮಾತು ಮಾತ್ರ ಆಡಲಿಲ್ಲ. ಒಂದೊಂದೇ ವಾಲ್ವನ್ನು ಒರೆಸಿ ಮತ್ತೆ ಉಜ್ಜತೊಡಗಿದರು.

ಮರುದಿನ ಊಟಕ್ಕೆ ಕರೆದಾಗ ಹಾಳೆಯನ್ನು ವಾಲ್ವುಗಳ ಸಮೇತ ಎರಡೂ ಕೈಯಲ್ಲಿ ಹಿಡಿದು ಒಳಗೆ ಬಂದರು. ಬಾಳೆಲೆಯ ಪಕ್ಕದಲ್ಲೇ ಇಟ್ಟುಕೊಂಡು ಉಂಡರು.