ಗೋಡೆಯಾಚೆ ನಿಂತ ಬೀಸುಕಲ್ಲು

ಆಕೆಯ ಬಲ ಅಂಗೈಯ ನಡುವೆ ಬೀಸುಕಲ್ಲಿನ ಗೂಟ ಬೆಳೆಸಿದ ಗಂಟೊಂದಿತ್ತು. ಹುಣಸೆಬೀಜದಷ್ಟು ಗಟ್ಟಿ, ಅಷ್ಟೇ ನುಣುಪು. ಕಲ್ಯಾಣಿಗೂ ಹುಮನಾಬಾದಿಗೂ ನಡುವಿನ ಹಳ್ಳಿಯೊಂದಕ್ಕೆ ನಾನು ಮಾಸ್ತರನಾಗಿ ಹೋದಾಗ ಆಕೆ ನನ್ನ ಪಕ್ಕದ ಮನೆಯವಳು. ಊರಿಗೆಲ್ಲ ಆಯಿ. ಕುರಿ ಕಾಯುವ ಮನೆತನದವಳಾದರೂ ಊರಿನ ಜಮೀನ್ದಾರರಾದ ದೇಶಮುಖರ ವಾಡೆಯ ಜೋಳವನ್ನು ದಿನವೂ ಕೂಲಿಯಿಲ್ಲದೆ ಬೀಸಿಕೊಡಬೇಕಿತ್ತು. ಅದಕ್ಕೆ ಬೇಗಾರ ಎನ್ನುತ್ತಿದ್ದರು. ನಾನು ಕಳ್ಳತನ ಎನ್ನುತ್ತೇನೆ. ನಾನು ಬರುವ ಮೊದಲೇ, ದೇಶಮುಖರ ಮಗಳು ಮದುವೆಯಾಗಿ ಹೈದರಾಬಾದಿಗೆ ಹೋದಾಗ, ಹಸು-ಹಾಸಿಗೆಗಳ ಜೊತೆ ಆಯಿಯ ಹನ್ನೆರಡು ವರ್ಷದ ಮಗಳನ್ನೂ ಬಳುವಳಿಯಾಗಿ ಕಳಿಸಿದ್ದರು. ಅದು ಮನುಷ್ಯರ ಮಾರಾಟಕ್ಕಿಂತ ಹೀನ. ಮಾರಾಟದಲ್ಲಿ ಬೆಲೆಯಾದರೂ ಇರುತ್ತದೆ.

ಆ ಸೀಮೆಯಲ್ಲಿ ಬೀಸುವಾಗ ಇಬ್ಬರು ಹೆಂಗಸರು ಎದುರುಬದುರು ಕೂಡುತ್ತಾರೆ. ಒಬ್ಬಳು ಹಾಡಿನ ಮೊದಲ ಸಾಲು ಹೇಳಿದರೆ ಇನ್ನೊಬ್ಬಳು ಎರಡನೆಯದನ್ನು ಹಾಡಿ ಮುಗಿಸಬೇಕು. ಮಗಳು ಹೋದ ಮೇಲೆ ಆಯಿ ತನ್ನ ಎದುರಿಗೆ ಯಾರನ್ನೂ ಕೂಡಿಸಿಕೊಂಡಿರಲಿಲ್ಲ. "ಬಿಳಿಜ್ವಾಳ ಬೀಸೇನ, ಎದುರ ಕೂಡ ಬಾರವ್ವ" ಎಂದು ಹಾಡಿ, ಎರಡನೆಯ ಸಾಲು ಹಿಡಿಯುವಷ್ಟು ಹೊತ್ತು ಸುಮ್ಮನೆ ಕಲ್ಲು ತಿರುಗಿಸುವಳು. ಗೋಡೆಯ ಈಚೆ ನನಗೆ ಎಚ್ಚರವಾಗುತ್ತಿದ್ದುದು ಹಾಡಿಗಲ್ಲ, ಆ ಮೌನಕ್ಕೆ.

ನಿಜಾಮರ ಗಡಿಯಾಚೆಯ ಊರೊಂದರಲ್ಲಿ ಬೇಗಾರದ ವಿರುದ್ಧ ಸಭೆ ಸೇರುವುದಿತ್ತು. ಅಂಥ ಸಭೆಗಳಲ್ಲಿ ನಾನು ಭಾಷಣ ಮಾಡುತ್ತಿದ್ದೆ. ಸಾಕ್ಷಿ ಹೇಳಲು ಬಾರೆಂದು ಆಯಿಯನ್ನು ಕರೆದೆ. ನಕ್ಕಳು.

"ನಿಮ್ಮ ಭಾಷಣ ಬೀಸೂಕಲ್ಲಿನಂಗ ಅದ ಮಾಸ್ತರ. ಸಪ್ಪಳ ಭಾಳ, ಹಿಟ್ಟ ಎಲ್ಲೈತ್ರಿ?" ಆಮೇಲೆ ಕೇಳಿದಳು: "ಹೈದರಾಬಾದಿನ ಮ್ಯಾಲ ಹೋಗಬೇಕೇನ್ರಿ?"

ಹೌದು ಎಂದೆ. ಒಪ್ಪಿದಳು.

ಹುಮನಾಬಾದಿನ ಮೋಟಾರು ನಮ್ಮನ್ನು ಹೈದರಾಬಾದಿನಲ್ಲಿ ಇಳಿಸಿದಾಗ ರೈಲಿಗೆ ನಾಲ್ಕು ತಾಸಿತ್ತು. ರಾಜಧಾನಿ ತೋರಿಸುವ ಉಮೇದು ನನಗೆ. ಚಾರ್ಮಿನಾರಿನ ಕೆಳಗೆ ಆಕೆ ಕತ್ತೆತ್ತಿ ನೋಡಿದಳು. "ಇಷ್ಟೆತ್ತರ ಕಲ್ಲ ಹೊತ್ತವರಿಗಿ ಊಟ ಹಾಕಿದ್ರೇನ್ರಿ?" ಬಳೆಯಂಗಡಿಗಳ ಸಾಲು, ಮಸೀದಿ, ಮೂಸಿಯ ಸೇತುವೆ, ಎಲ್ಲವನ್ನೂ ತೋರಿಸಿದೆ. ಆಕೆ ನೋಡುತ್ತಿದ್ದುದು ಬಾಗಿಲುಗಳನ್ನು. ಕೊನೆಗೆ ನಿಂತುಬಿಟ್ಟಳು.

"ಹಸರ ಬಾಗಲದ ದೇವಡಿ, ಒಳಗ ಬೇವಿನ ಗಿಡ. ವಾಡೇದ ಗಾಡಿಯವ ಹೇಳ್ಯಾನ. ಅಲ್ಲಿಗಿ ಕರಕೊಂಡ ಹೋಗ್ರಿ."

ದೇಶಮುಖರ ಅಳಿಯನ ಮಹಲು ಅದು. ನನ್ನ ಭಾಷಣದಲ್ಲಿ ಆಯಿಯ ಮಗಳಿಗೆಂದು ಒಂದು ವಾಕ್ಯವಿತ್ತು. ಆ ಹುಡುಗಿಯನ್ನು ಹೋಗಿ ಹುಡುಕಬಹುದೆಂದು ಮಾತ್ರ ಹೊಳೆದಿರಲಿಲ್ಲ.

ಕೇಳುತ್ತ ಕೇಳುತ್ತ ಹಸಿರು ಬಾಗಿಲು ಸಿಕ್ಕಿತು. ಹೆಸರು ಹೇಳಿ ವಿಚಾರಿಸೋಣವೆಂದೆ.

"ಬ್ಯಾಡ್ರಿ. ಹೆಸರ ಹಿಡದ ಕೇಳಿದ್ರ ಆಕೀಗಿ ಬಡೀತಾರ. ಹಾಡಿಗಿ ಯಾರ ಬಡೀತಾರ?"

ಹಿತ್ತಿಲ ಗೋಡೆಯ ಒಳಗೆ ಯಾರೋ ಬೀಸುತ್ತಿದ್ದರು. ಆಯಿ ತನ್ನ ಅಂಗೈಯನ್ನು ಗೋಡೆಗೆ ಒತ್ತಿ ಹಾಡಿದಳು. ಮೊದಲ ಸಾಲು ಮಾತ್ರ.

ಒಳಗೆ ಕಲ್ಲು ನಿಂತಿತು.

ಎರಡನೆಯ ಸಾಲಿಗೆ ನಾವು ಕಿವಿಗೊಟ್ಟು ನಿಂತಿರುವಾಗಲೇ ಕಾವಲುಗಾರ ಬಡಿಗೆ ಹಿಡಿದು ಬಂದ. ಯಾರಿವಳು ಎಂದು ಉರ್ದುವಿನಲ್ಲಿ ಗದರಿದ. ಸಭೆಗಳಲ್ಲಿ ಗುಡುಗುತ್ತಿದ್ದ ನಾನು "ಪಾಗಲ್ ಹೈ" ಎಂದೆ. ಹುಚ್ಚಿ ಎಂದೆ. ರೈಲು ತಪ್ಪುತ್ತದೆಂದು ರಟ್ಟೆ ಹಿಡಿದು ಎಳೆದುಕೊಂಡು ಬಂದೆ.

ರೈಲಿನಲ್ಲಿ ಕುಳಿತ ಮೇಲೆ ಆಕೆ ಕೇಳಿದ್ದು ಒಂದೇ: "ಕಲ್ಲ ನಿಂತಿತ್ತಲ್ರಿ, ಮಾಸ್ತರ?"

ಹೌದೆಂದರೆ ಇಳಿದು ಓಡಿಯಾಳೆಂದು ಹೆದರಿದೆ. "ಗದ್ದಲದಾಗ ನನಗ ಕೇಳಸಲಿಲ್ಲ ಆಯಿ."

ಸಭೆಯಲ್ಲಿ ಆಕೆ ಬಾಯಿ ತೆರೆಯಲಿಲ್ಲ. ಆಕೆಯ ಪರವಾಗಿ ನಾನೇ ಮಾತನಾಡಿದೆ. ಚಪ್ಪಾಳೆ ಬಿತ್ತು.

ಕೆಲವು ವರ್ಷಗಳ ಬಳಿಕ ಆಯಿ ಹಾಸಿಗೆ ಹಿಡಿದಳು. ಆಕೆ ಕೇಳದಿದ್ದರೂ ಹೇಳಿದೆ: "ಅವತ್ತ ಕಲ್ಲ ನಿಂತಿತ್ತ ಆಯಿ. ನಾ ಕೇಳಿದ್ದೆ."

"ಗೊತ್ತೈತ್ರಿ" ಎಂದಳು. "ನೀವ ಯಾವಾಗ ಹೇಳ್ತೀರಿ ಅಂತ ಕಾಯಾಕತ್ತಿದ್ನಿ." ಗಂಟುಳ್ಳ ಆ ಕೈಯನ್ನು ನನ್ನ ಕೈಯೊಳಗೆ ಇಟ್ಟಳು. ಮೂರನೆಯ ದಿನ ತೀರಿಕೊಂಡಳು.

ನಿಜಾಮರ ಆಳ್ವಿಕೆ ಮುಗಿದ ಮೇಲೆ ಆ ದೇವಡಿಗೆ ಹೋದೆ. ಹಸಿರು ಬಾಗಿಲು ತೆರೆದೇ ಇತ್ತು. ಒಳಗೆ ಬೇರೆ ಜನ. ಅಂಥ ಹುಡುಗಿಯೊಬ್ಬಳಿದ್ದ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಬೇವಿನ ಕೆಳಗೆ ಬೀಸುಕಲ್ಲು ಉಳಿದಿತ್ತು. ಅದರ ಒಂದು ಬದಿಗೆ ಕುಳಿತು ಮೊದಲ ಸಾಲನ್ನು ಮೆಲ್ಲಗೆ ಹೇಳಿದೆ. ಎರಡನೆಯದನ್ನು ನಾನು ಎಂದೂ ಕೇಳಿರಲಿಲ್ಲ.