ಬೆಂಕಿಪೊಟ್ಟಣ ಒಣಗಿಸುವ ಪೆಟ್ಟಿಗೆ

ಜೂನ್ ಕಾಲಿಟ್ಟಿತೆಂದರೆ ನಮ್ಮ ಬಾಳೂರು ಕಡೆ ಬೆಂಕಿಪೊಟ್ಟಣದಷ್ಟು ವಿಶ್ವಾಸಘಾತುಕ ವಸ್ತು ಇನ್ನೊಂದಿಲ್ಲ. ಹತ್ತು ಕಡ್ಡಿ ಗೀರಿದರೆ ಒಂದು ಹತ್ತಬಹುದು, ಉಳಿದವು ತಲೆ ಉದುರಿಸಿಕೊಂಡು ಸುಮ್ಮನಾಗುತ್ತವೆ. ಮಕ್ಕಳೇ, ಇದಕ್ಕೆ ನಾನು ಕಂಡುಕೊಂಡಿದ್ದ ಉಪಾಯ ನಿಮಗೆ ನೆನಪಿರಬಹುದು. ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ ಸದಾ ಗುರುಗುಟ್ಟುತ್ತಿದ್ದ ದೊಡ್ಡ ಕಂಪ್ಯೂಟರ್ ಪೆಟ್ಟಿಗೆಯ ನೆತ್ತಿಯ ಮೇಲೆ ಪೊಟ್ಟಣವನ್ನಿಟ್ಟು ಮರೆತುಬಿಡುತ್ತಿದ್ದೆ. ಅದರ ಮೈಬಿಸಿಗೆ ಕಡ್ಡಿಯೂ ಒಣಗುತ್ತಿತ್ತು, ಹಪ್ಪಳವೂ ಒಣಗುತ್ತಿತ್ತು, ನಿಮ್ಮ ಶಾಲೆಯ ಸಾಕ್ಸೂ ಒಣಗುತ್ತಿತ್ತು. ಹಿಂಭಾಗದಲ್ಲಿ ಒಂದು ಹಲ್ಲಿ ಸಂಸಾರ ಹೂಡಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಿಮ್ಮ ಅಜ್ಜ ಅದನ್ನು ತರಿಸಿದ್ದು. ಎಸ್ಟೇಟ್ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರ ಮೇಜಿನ ಮೇಲೊಂದು ಚಿಕ್ಕ ಕಂಪ್ಯೂಟರ್, ನಿಮ್ಮಪ್ಪನ ಕೋಣೆಯಲ್ಲಿ ಇನ್ನೊಂದು. ಎರಡರಿಂದಲೂ ತಂತಿ ಎಳೆದು, ಇರುವುದನ್ನೆಲ್ಲ ಈ ದೊಡ್ಡಣ್ಣನ ಹೊಟ್ಟೆಯಲ್ಲಿ ಜೋಪಾನ ಮಾಡುವ ವ್ಯವಸ್ಥೆ. ಅದಕ್ಕೆ ಸರ್ವರ್ ಎಂದು ಹೆಸರು. ಅಜ್ಜ ಬದುಕಿದ್ದಷ್ಟು ದಿನ ನಾನು ಅದನ್ನು ಮುಟ್ಟುವುದು ನಿಷಿದ್ಧವಾಗಿತ್ತು; ಧೂಳು ಒರೆಸಬಹುದಿತ್ತು. ಮುಟ್ಟದೆ ಒರೆಸುವ ವಿದ್ಯೆ ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತವಳಿಗೆ ಹೇಗೋ ಸಿದ್ಧಿಸಿತ್ತು.

ಆ ಹೊಟ್ಟೆಯಲ್ಲಿದ್ದ ಸಂಪತ್ತಿನಲ್ಲೆಲ್ಲ ಅಜ್ಜನಿಗೆ ಬಹಳ ಹೆಮ್ಮೆಯದು ಮಳೆಯ ದಾಖಲೆ. ಇಲ್ಲಿನ ತೋಟದ ಮನೆಗಳಲ್ಲಿ ದೇವರ ದೀಪ ಒಂದು ದಿನ ತಪ್ಪಿದರೂ ಕ್ಷಮೆ ಉಂಟು, ಮಳೆ ಅಳೆಯುವುದು ತಪ್ಪುವ ಹಾಗಿಲ್ಲ. ಅಂಗಳದ ತುದಿಯ ಮಾಪಕದಲ್ಲಿ ನಿಂತ ನೀರನ್ನು ಬೆಳಿಗ್ಗೆ ಎಂಟೂವರೆಗೆ ಗೆರೆಯ ಗಾಜಿಗೆ ಸುರಿದು, ಎಷ್ಟು ಇಂಚು, ಇಂಚಿನ ನೂರರ ಪಾಲಾದ ಸೆಂಟು ಎಷ್ಟು ಎಂದು ಬರೆದಿಡಬೇಕು. ಮದುವೆಯಾಗಿ ಬಂದ ವಾರದಲ್ಲೇ ಆ ಗಾಜು ನನ್ನ ಕೈಗೆ ಬಂತು. ಎಂಟೂವರೆಗೆ ಎದ್ದಿರುತ್ತಿದ್ದವಳು ನಾನು. ಅಜ್ಜ ಒಂಬತ್ತರ ಮನುಷ್ಯ. ಬಸುರಿಯಾಗಿದ್ದಾಗಲೂ, ಬಾಣಂತನ ಮುಗಿಸಿ ಬಂದ ಮರುದಿನವೂ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಕಾಲಿಗೆ ಹತ್ತಿದ ಜಿಗಣೆಯನ್ನು ಕಿತ್ತೆಸೆಯುತ್ತ ನಾನು ಅಳೆದೆ. ಚೀಟಿಯಲ್ಲಿ ಬರೆದು ಅವರ ಕಾಫಿ ಲೋಟದ ಕೆಳಗಿಡುತ್ತಿದ್ದೆ. ಅವರು ಭಾನುವಾರ ಕೂತು, ರಿಜಿಸ್ಟರಿನಲ್ಲಿ 'ಅಳೆದವರು' ಎಂಬ ಕಡೆ ಒಂದೇ ಉಸಿರಿಗೆ ಏಳು ಸಹಿ ಹಾಕುತ್ತಿದ್ದರು.

ಕಾಫಿ ಗಿಡದ ಹೂ ಅರಳಿಸುವ ಹೂಮಳೆಯ ದಿನಗಳಲ್ಲಿ ಪಕ್ಕದ ತೋಟದ ಪುಟ್ಟೇಗೌಡರಿಂದ ಫೋನು ಬರುತ್ತಿತ್ತು.

"ಗೌಡ್ರಿಲ್ವಾ?"

"ಸ್ನಾನಕ್ಕೆ ಹೋಗಿದಾರೆ," ಎನ್ನುತ್ತಿದ್ದೆ. ನಮ್ಮ ಗೌಡರ ಗೊರಕೆ ಫೋನಿನವರೆಗೆ ಕೇಳಿಸುತ್ತಿತ್ತು.

"ಎಷ್ಟು ಬಂತಂತೆ ಅವ್ರ ಲೆಕ್ಕದಲ್ಲಿ?"

"ಒಂದಿಂಚು ಹತ್ತು ಸೆಂಟು."

"ಅಯ್ಯೋ ಮಾರಾಯ್ತಿ, ನಮ್ಗೆ ಬರೀ ಮೂವತ್ತು ಸೆಂಟು! ನಿಮ್ಮನೆಯವ್ರು ಅಳೆಯೋದ್ರಲ್ಲಿ ಬಾಳ ಕರೆಕ್ಟು ಬಿಡಿ."

ಸರ್ವರ್ ಬಂದ ಮೇಲೆ ರೈಟರು ಹಳೆಯ ರಿಜಿಸ್ಟರುಗಳನ್ನೆಲ್ಲ ಒತ್ತಿ ಒತ್ತಿ ಅದಕ್ಕೆ ಉಣ್ಣಿಸಿದರು. ಅಜ್ಜನಿಗೆ ಸಹಿಯ ಶ್ರಮವೂ ತಪ್ಪಿತು. ತಾರೀಕು ಒತ್ತುವಷ್ಟರಲ್ಲಿ 'ಅಳೆದವರು' ಎಂಬಲ್ಲಿ ಅವರ ಹೆಸರು ತಾನಾಗಿಯೇ ಬಂದು ಕೂರುತ್ತಿತ್ತು. ನಡುವೆ ದಿನ ತಪ್ಪಿದರೆ ಜಾಗವನ್ನು ಖಾಲಿ ಬಿಡುವುದು ಅದಕ್ಕೆ ತಿಳಿಯದು, ಸೊನ್ನೆ ತುಂಬಿಬಿಡುತ್ತಿತ್ತು.

ಅಜ್ಜ ಹೋದದ್ದು ಒಂದು ಜುಲೈನಲ್ಲಿ. ಚಿತೆಗೆ ಎರಡು ಟಿನ್ ಸೀಮೆಎಣ್ಣೆ ಸುರಿಯಬೇಕಾಗಿ ಬಂದಂಥ ಮಳೆ. ಮರುದಿನ ಎಂಟೂವರೆಗೆ ನನ್ನ ಕಾಲು ಅಭ್ಯಾಸಬಲದಿಂದ ಅಂಗಳಕ್ಕಿಳಿಯಿತು. ನಾದಿನಿ ತೋಳು ಹಿಡಿದು ಒಳಕ್ಕೆಳೆದಳು. "ಇವತ್ತೂ ಮಳೆ ಅಳೀಬೇಕೇನೇ ನಿಂಗೆ? ಕಂಡೋರು ಏನಂದಾರು?" ಹನ್ನೊಂದು ದಿನ ನಾನು ಮೂಲೆಯಲ್ಲಿ ಕೂತು ಸೂರಿನ ಸದ್ದಿನ ಮೇಲೆಯೇ ಅಂದಾಜು ಮಾಡಿದೆ: ಐದು ಇಂಚು, ಆರು, ಮತ್ತೆ ಐದು. ಕಾರ್ಯ ಮುಗಿದ ಮೇಲೆ ಹೋಗಿ ನೋಡಿದರೆ ಮಾಪಕ ತುಂಬಿ ಹೊರಚೆಲ್ಲಿತ್ತು. ಚೆಲ್ಲಿದ್ದನ್ನು ಅಳೆಯುವ ಗಾಜು ಇಲ್ಲ. ರೈಟರಿಂದ ಒಂದು ಬೆರಳಿನಲ್ಲಿ ಒತ್ತುವುದನ್ನು ಕಲಿತು, ಮಾಪಕ ಬರಿದು ಮಾಡಿದ ಮರುದಿನದ ಮಳೆಯನ್ನು ನಾನೇ ಸರ್ವರಿಗೆ ಹಾಕಿದೆ. ಹಿಂದಿನ ಹನ್ನೊಂದು ದಿನಗಳೂ ಅದರಲ್ಲಿ ಆಗಲೇ ತುಂಬಿದ್ದವು: ಹನ್ನೊಂದು ಸೊನ್ನೆ, ಪಕ್ಕದಲ್ಲಿ ಅಳೆದವರು ನಿಮ್ಮ ಅಜ್ಜ. ಆಮೇಲೆ ಆರು ವರ್ಷ, ದಿನವೂ ನಾನು ಅಳೆದು ಒತ್ತುತ್ತಿದ್ದೆ, ದಿನವೂ ಸತ್ತವರ ಹೆಸರು ಬಂದು ಪಕ್ಕದಲ್ಲಿ ಕೂರುತ್ತಿತ್ತು.

ಪೆಟ್ಟಿಗೆಗೆ ವಯಸ್ಸಾಯಿತು. ಗುರುಗುಟ್ಟುವುದು ಬಿಟ್ಟು ಕೆಮ್ಮತೊಡಗಿತು. ಅದೇ ಹೊತ್ತಿಗೆ ಪುಟ್ಟೇಗೌಡರು, ಬೆಳೆಗಾರರ ಸಭಾಭವನದಲ್ಲಿ ತೂಗುಹಾಕಲು ನಮ್ಮ ಮಳೆಯ ಪಟ್ಟಿ ಬೇಕೆಂದರು. ಮುದ್ರಿಸಹೊರಟರೆ ಪೆಟ್ಟಿಗೆ ಅರ್ಧದಲ್ಲೇ ಕಣ್ಣುಮುಚ್ಚಿತು. ಮೂಡಿಗೆರೆಯಿಂದ ವಿರೂಪಾಕ್ಷಪ್ಪನವರು ಬಂದರು. ಹಿಂದೆ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದು, ಈಗ ಕಂಪ್ಯೂಟರ್ ವೈದ್ಯರಾದವರು. ಮುಚ್ಚಳ ತೆಗೆದೊಡನೆ ಹಲ್ಲಿ ಅವರ ತೋಳಿನ ಮೇಲೆ ಹಾರಿತು.

"ಅಮ್ಮಾವ್ರೇ, ಇದ್ರೊಳಗೆ ಒಂದ್ ಮೃಗಾಲಯ ಇದೆ," ಎಂದರು. "ಫ್ಯಾನು, ಡಿಸ್ಕು ಬದಲಾಯಿಸಿದ್ರೆ ಇನ್ನೊಂದು ವರ್ಷ ದೂಡ್‌ಬೋದು. ಇಲ್ಲಾಂದ್ರೆ ಹೊಸದು ತರೋದು. ಏನ್ ಮಾಡ್ತೀರಿ?"

ನಿಮ್ಮಪ್ಪ ದನಿ ತಗ್ಗಿಸಿ, "ಹಳೇದನ್ನೇ ರಿಪೇರಿ ಮಾಡಿ. ಅಪ್ಪನ ಕೈ ಆಡಿದ್ದು. ಅಮ್ಮಂಗೆ ಬೇಜಾರಾಗುತ್ತೆ," ಎಂದ.

ನಾನು ಅಡಿಗೆಮನೆಯ ಬಾಗಿಲ ಮರೆಯಲ್ಲಿದ್ದೆ. ನನ್ನ ಜೀವನದ ಮುಖ್ಯ ಸಂಗತಿಗಳನ್ನೆಲ್ಲ ನಾನು ಕೇಳಿಸಿಕೊಂಡದ್ದು ಅಲ್ಲಿಂದಲೇ. ನನ್ನ ದುಃಖವನ್ನು ಇವರು ಎಷ್ಟು ಮೃದುವಾಗಿ ಎತ್ತಿಡುತ್ತಿದ್ದಾರೆ ಎಂದು ನಗು ಬಂತು. ಆರು ವರ್ಷ ಆ ಪೆಟ್ಟಿಗೆಗೆ ನಾನು ಕೈ ಮುಗಿಯುತ್ತಿದ್ದೇನೆ ಎಂದು ಅವರೆಲ್ಲ ತಿಳಿದಿದ್ದರು. ನಾನು ಅದರ ನೆತ್ತಿಯ ಮೇಲಿನ ಬೆಂಕಿಪೊಟ್ಟಣ ತೆಗೆದುಕೊಳ್ಳುತ್ತಿದ್ದೆ.

"ಹೊಸದು ತಂದ್ರೆ," ಎಂದು ಬಾಗಿಲ ಮರೆಯಿಂದಲೇ ಕೇಳಿದೆ, "ಅಳೆದವ್ರ ಹೆಸ್ರು ಬದಲಾಯಿಸೋಕೆ ಆಗುತ್ತಾ?"

"ಓಹೋ, ಏನ್ ಬೇಕಾದ್ರೂ ಹಾಕ್‌ಬೋದು."

"ಹಾಗಾದ್ರೆ ಹೊಸದೇ ತನ್ನಿ."

ನಿಮ್ಮಪ್ಪ ನನ್ನ ಕಡೆ ತಿರುಗಿ ನೋಡಿದ. ನನ್ನ ದನಿ ಆ ಕೋಣೆಯಲ್ಲಿ ಕೇಳಿದ್ದು ಅವನಿಗೂ ಹೊಸತು, ನನಗೂ ಹೊಸತು.

ಮುಂದಿನ ವಾರ ಹೊಸ ಪೆಟ್ಟಿಗೆ ಬಂತು, ಕಪ್ಪಗೆ, ತೆಳ್ಳಗೆ, ಮಾತೇ ಆಡದ್ದು. ಹಳೆಯದರ ಹೊಟ್ಟೆಯಿಂದ ಮಳೆಯನ್ನೆಲ್ಲ ಇದಕ್ಕೆ ದಾಟಿಸಿದ ವಿರೂಪಾಕ್ಷಪ್ಪನವರು ಕನ್ನಡಕ ಏರಿಸಿ ಕೇಳಿದರು: "ಅಳೆದವ್ರು ಅಂತ ಏನ್ ಹಾಕ್ಲಿ?"

"ಅಪ್ಪಂದೇ ಹಾಕಿ, ಅದ್ರಲ್ಲಿ ಕೇಳೋದೇನಿದೆ," ಎಂದ ನಿಮ್ಮಪ್ಪ.

"ಪದ್ಮಾವತಿ," ಎಂದೆ.

ವಿರೂಪಾಕ್ಷಪ್ಪನವರು ಯಾರದು ಎಂಬಂತೆ ಸುತ್ತ ನೋಡಿದರು. ಇಪ್ಪತ್ತು ವರ್ಷ ನಮ್ಮ ಮನೆಯಲ್ಲಿ ಕಾಫಿ ಕುಡಿದವರು. ನಿಮ್ಮಪ್ಪ ನೆಲ ನೋಡುತ್ತ, "ಅಮ್ಮನ ಹೆಸ್ರು," ಎಂದ.

"ಹೌದಾ! ಸರಿ, ಯಾವತ್ತಿಂದ ಹಾಕ್ಲಿ ಅಮ್ಮಾವ್ರೇ? ಇವತ್ತಿಂದಲಾ?"

"ಮೊದ್ಲಿಂದ."

"ಅಪ್ಪನ ಹೆಸ್ರನ್ನೇ ತೆಗೀಬೇಕಾ ಅಮ್ಮ?" ಎಂದ ನಿಮ್ಮಪ್ಪ. ಪಾಪ, ಅವನು ಸುಳ್ಳನಲ್ಲ. ಕೊಪ್ಪೆ ಹಾಕಿಕೊಂಡು ಅಂಗಳದಲ್ಲಿ ಬಗ್ಗಿದವಳನ್ನು ತಿಂಡಿ ತಿನ್ನುತ್ತ ಕಿಟಕಿಯಿಂದ ದಿನವೂ ಕಂಡವನೇ.

"ಪೂರ್ತಿ ತೆಗೀಬೇಡ. ಅವ್ರು ಹೋದ ಮೇಲಿನ ಆ ಹನ್ನೊಂದು ದಿನ ಅವ್ರ ಹೆಸ್ರಲ್ಲೇ ಇರ್ಲಿ."

ನಿಮ್ಮಪ್ಪ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, ತಾನೇ ಮುದ್ರಿಸಿದ ಪಟ್ಟಿಯನ್ನು ತಂದು, ನನ್ನ ಹೆಸರಿನ ಅಕ್ಷರ ಸರಿಯಿದೆಯೇ ನೋಡೆಂದು ನನ್ನ ಮುಂದಿಟ್ಟ. ಸರಿಯಿತ್ತು. ಪಟ್ಟಿ ಸಭಾಭವನದ ಗೋಡೆಗೇರಿದ ಮರುದಿನ ಪುಟ್ಟೇಗೌಡರ ಫೋನು.

"ಅದ್ಯಾರು ಪದ್ಮಾವತಿ? ನಿಮ್ಮ ರೈಟರ ಹೆಂಡ್ತಿಯಾ?"

"ನಾನು," ಎಂದೆ.

ಆ ಕಡೆ ಪುಟ್ಟೇಗೌಡರು ಕೆಮ್ಮಿಕೊಂಡರು. "ಎಲ್ಲಾ ಸರಿ ಇದೆ ಅನ್ನಿ. ಆದ್ರೆ ಆ ಜುಲೈಲಿ ಹನ್ನೊಂದು ಸೊನ್ನೆ ಯಾಕಿದೆ? ಸೇತುವೆ ಕೊಚ್ಕೊಂಡು ಹೋದ ಮಳೆ ಅದು!"

"ಅದನ್ನ ಅವ್ರು ಅಳೆದದ್ದು."

ಫೋನಿಟ್ಟೆ. ಗೆದ್ದೆನೆಂಬ ಸುಖವೇನೂ ಬರಲಿಲ್ಲ, ಮಕ್ಕಳೇ. ನಲವತ್ತು ವರ್ಷ ತಡವಾಗಿ ಬಂದ ಹೆಸರನ್ನು ಯಾವ ಗೂಟಕ್ಕೆ ತಗುಲಿಹಾಕುವುದೆಂದೇ ತಿಳಿಯಲಿಲ್ಲ. ಅಜ್ಜನ ಮೇಲೆ ನನಗಿದ್ದದ್ದು ದ್ವೇಷವಲ್ಲ. ಒಂದು ಬೆಳಿಗ್ಗೆಯಾದರೂ ಅವರು ಎಂಟೂವರೆಗೆ ಎದ್ದು, ಎಷ್ಟು ಬಂತು ಎಂದು ಅಂಗಳಕ್ಕೆ ಬಂದು ಕೇಳಿದ್ದರೆ, ಎಲ್ಲ ಸಹಿಗಳನ್ನೂ ಅವರಿಗೇ ಬಿಟ್ಟುಕೊಡುತ್ತಿದ್ದೆನೇನೋ.

ಹಳೆಯ ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದ್ದೇವೆ. ಹಲ್ಲಿಯೂ ಅತ್ತಲೇ ಹೋಯಿತು. ಹೊಸದಕ್ಕೆ ಒಂದೇ ಕೊರತೆ, ಅದರ ಮೈ ಬಿಸಿಯಾಗುವುದಿಲ್ಲ. ಮೊದಲ ಜೂನಿನಲ್ಲಿ ಅದರ ಮೇಲಿಟ್ಟ ಪೊಟ್ಟಣ ಮೆತ್ತಗಾಗಿ ಹೋಯಿತು. ಈಗ ಬೆಂಕಿಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತೇನೆ. ನನ್ನ ಬಿಸಿಗೇ ಒಣಗುತ್ತದೆ. ಗೀರಿದರೆ ಒಂದೇ ಸಲಕ್ಕೆ ಹತ್ತಿಕೊಳ್ಳುತ್ತದೆ.