ಮಾತಾಡಂಗಿಲ್ಲ

ನನ್ನ ಸಿಟ್ಟಿನ ಬಗ್ಗೆ ನಾನೇ ಹೇಳಿಕೊಳ್ಳಬೇಕಾಗಿಲ್ಲ, ಊರೇ ಹೇಳುತ್ತದೆ. ಹಡಗಲಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸಿದಷ್ಟೂ ವರ್ಷ, ನನ್ನಿಂದ ಬೈಸಿಕೊಳ್ಳದ ಹುಡುಗಿ ಒಬ್ಬಳಿದ್ದರೆ ಅವಳು ಆ ವರ್ಷ ಶಾಲೆಗೇ ಬಂದಿರಲಿಕ್ಕಿಲ್ಲ. ಬೈದದ್ದಕ್ಕೆ ನನಗೆ ಎಂದೂ ನಾಚಿಕೆಯಾಗಿಲ್ಲ, ಒಂದು ಸಲ ಬಿಟ್ಟು. ಆ ಬೈಗುಳ ಬೈದದ್ದು ಒಂದು ಫೋನಿನೊಳಗೆ. ಆ ಫೋನಿನ ಮೇಲೆ ಒಬ್ಬ ಹುಡುಗಿಯ ಹತ್ತನೇ ಕ್ಲಾಸು ನಿಂತಿತ್ತು. ಅದು ನನಗೆ ಗೊತ್ತಿರಲಿಲ್ಲ, ಕೇಳಿ ತಿಳಿದುಕೊಳ್ಳುವ ಗೊಡವೆಗೂ ನಾನು ಹೋಗಲಿಲ್ಲ.

ಎರಡು ಸಾವಿರದ ಆರೋ ಏಳೋ ಇಸವಿ. ನಮ್ಮ ಕಡೆ ಆಗಿನ್ನೂ ಫೋನನ್ನು ಮಾತಾಡಲಿಕ್ಕೆ ಅಂತ ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ, ಮಿಸ್ ಕಾಲ್ ಕೊಡಲಿಕ್ಕೆ ಇಟ್ಟುಕೊಳ್ಳುತ್ತಿದ್ದರು. ನನ್ನ ಯಜಮಾನರು ಕೊಟ್ಟೂರಿನಲ್ಲಿ ಕೆಲಸಕ್ಕಿದ್ದರು. ಸಂಜೆ ಬಸ್ಸು ಹತ್ತಿದರೆ ಒಂದು ಮಿಸ್ ಕಾಲ್, ಬಸ್ಸು ತಪ್ಪಿದರೆ ಎರಡು. ಒಂದು ಬಂದರೆ ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ, ಎರಡು ಬಂದರೆ ಗೊಣಗುತ್ತಾ ಸುಮ್ಮನೆ ಕೂರುತ್ತಿದ್ದೆ. ಹಾಲಿನವನಿಗೊಂದು, ಗ್ಯಾಸಿನವನಿಗೊಂದು, ತವರುಮನೆಗೊಂದು, ಹೀಗೆ ಎಲ್ಲರ ಮನೆಯಲ್ಲೂ ಅವರವರದೇ ಲೆಕ್ಕ. ಹಾಗಾಗಿ ಮಿಸ್ ಕಾಲ್ ಅಂದರೆ ಏನು ಅಂತ ನನಗೆ ತಿಳಿಯದು ಎಂದು ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ.

ಆ ವರ್ಷ ಮಕ್ಕಳ ಚೀಲದಲ್ಲಿ ಫೋನು ಸಿಗಲು ಶುರುವಾಯಿತು. ಪಾಠದ ನಡುವೆ ಯಾವುದೋ ಚೀಲ ಹಾಡತೊಡಗುವುದು, ಇಡೀ ಕ್ಲಾಸು ಕಿಸಕ್ಕನೆ ನಗುವುದು. ಹೆಡ್ ಮಾಸ್ತರು ಒಂದು ದಿನ ಪ್ರಾರ್ಥನೆಯ ಹೊತ್ತಿಗೆ ನಿಂತು ಕಾಯಿದೆ ಹೇಳಿದರು. ಶಾಲೆಗೆ ಫೋನು ತರಂಗಿಲ್ಲ, ತಂದರೆ ಕಸಿದಿಡುವುದು. ತಂದೆಯೋ ತಾಯಿಯೋ ಬಂದು, ಇನ್ನು ಮೇಲೆ ಕಳಿಸಂಗಿಲ್ಲ ಎಂದು ತಮ್ಮ ಬಾಯಿಂದಲೇ ಹೇಳಿದರೆ ಮಾತ್ರ ವಾಪಸ್ಸು. ಕಸಿಯುವ ಕೆಲಸ, ಕಪಾಟಿನ ಕೀಲಿ ಎರಡೂ ನನಗೆ ಬಂದವು. ನಾನು ಉಬ್ಬಿಹೋದೆ. ನನ್ನ ಫೋನು ಮಾತ್ರ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಆರಾಮಾಗಿ ಇರುತ್ತಿತ್ತು.

ತರಂಗಿಲ್ಲ, ಓಡಂಗಿಲ್ಲ, ಮಾತಾಡಂಗಿಲ್ಲ. ದಿನಕ್ಕೆ ನೂರು ಸಲ ಈ 'ಅಂಗಿಲ್ಲ' ನನ್ನ ಬಾಯಲ್ಲಿ ಬರುತ್ತಿತ್ತು. ನಮ್ಮ ಕಡೆಯ ಮಾತಿನಲ್ಲಿ ಅದು ಎರಡು ಕೆಲಸ ಮಾಡುತ್ತದೆ. ಮಾಡಬಾರದು ಎನ್ನಲಿಕ್ಕೂ ಅದೇ, ಮಾಡುವುದಿಲ್ಲ ಎನ್ನಲಿಕ್ಕೂ ಅದೇ. ಟೀಚರಿಕೆ ಮಾಡೀ ಮಾಡೀ ನನ್ನ ಕಿವಿಗೆ ಮೊದಲನೆಯದೊಂದೇ ಬೀಳುತ್ತಿತ್ತು.

ಆ ಹುಡುಗಿ ಮಾಗಳದಿಂದ ಬಸ್ಸಿಗೆ ಬರುತ್ತಿದ್ದಳು. ನನ್ನ ಕ್ಲಾಸಿನವಳೇ, ಎರಡನೇ ಬೆಂಚು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಕೇಳಿದ್ದಕ್ಕಿಂತ ಹೆಚ್ಚು ಮಾತಾಡದವಳು, ಆದರೆ ಕೇಳಿದ್ದಕ್ಕೆ ತಪ್ಪು ಹೇಳದವಳು. ಇವಳದು ಫಸ್ಟ್ ಕ್ಲಾಸ್ ಖಾತ್ರಿ ಎಂದು ನಾನೇ ಸ್ಟಾಫ್ ರೂಮಿನಲ್ಲಿ ಹೇಳಿದ್ದೆ. ಅವಳು ದಿನಾ ಊಟದ ಹೊತ್ತಿಗೆ, ಒಂದೂಕಾಲು ಆಯಿತೆಂದರೆ, ನೀರಿನ ಟಾಕಿಯ ಹಿಂದೆ ಹೋಗುತ್ತಾಳೆ ಎಂದು ಯಾರೋ ನನ್ನ ಕಿವಿಗೆ ಹಾಕಿದರು. ನಾನು ಬೆಕ್ಕಿನ ಹಾಗೆ ಹೋಗಿ ಹಿಡಿದೆ. ಬುತ್ತಿ ಚೀಲದಲ್ಲಿ, ಕರ್ಚೀಫಿನೊಳಗೆ ಸುತ್ತಿದ ಸಣ್ಣ ಫೋನು. ಹಿಂದಿನ ಮುಚ್ಚಳ ಬಿಚ್ಚದ ಹಾಗೆ ರಬ್ಬರ್ ಬ್ಯಾಂಡ್ ಹಾಕಿದ್ದಳು.

ಸ್ಟಾಫ್ ರೂಮಿಗೆ ಎಳೆದುಕೊಂಡು ಬಂದೆ. ಅಲ್ಲಿ ಇನ್ನೂ ಮೂವರು ಟೀಚರುಗಳು ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಯಾರದ್ದು ಫೋನು, ಯಾರು ಕೊಡಿಸಿದ್ದು ಎಂದು ಕೇಳಿದೆ. ಅವ್ವ ಕೊಡಿಸಿದ್ದು ಎಂದಳು. ಫೋನಿನಲ್ಲಿದ್ದದ್ದು ಒಂದೇ ನಂಬರು, ಅದಕ್ಕೆ ಹೆಸರೂ ಇಲ್ಲ. ಪ್ರತಿದಿನ ಒಂದೂಕಾಲಿಗೆ ಅಲ್ಲಿಂದ ಒಂದು ಮಿಸ್ ಕಾಲ್, ಇಲ್ಲಿಂದ ಒಂದು. ನನ್ನ ತಲೆಯೊಳಗೆ ಕತೆ ತಯಾರಾಗಿಬಿಟ್ಟಿತು. ಹಾಗಿದ್ದರೆ ನಿಮ್ಮವ್ವನ ಕೂಡ ನಾನೇ ಮಾತಾಡುತ್ತೇನೆ ಎಂದೆ.

"ಅವ್ವ ಮಾತಾಡಂಗಿಲ್ರಿ ಅಕ್ಕೋರ," ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಅವಳ ಅವ್ವನ ಕೂಡ ನಾನು ಮಾತಾಡಂಗಿಲ್ಲವೇನು? ಇವಳು ನನಗೇ ಕಾಯಿದೆ ಹೇಳುತ್ತಾಳಲ್ಲ ಎಂದುಕೊಂಡೆ. ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು, ನಾನು ಕೈ ಎತ್ತಿ ಸುಮ್ಮನಾಗಿಸಿದೆ. ಅಷ್ಟರಲ್ಲಿ ಫೋನು ಒಂದು ಸಲ ಹೊಡೆದುಕೊಂಡು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ನಾನೇ ತಿರುಗಿ ಹಚ್ಚಿದೆ. ಆ ಕಡೆ ಎತ್ತಿದರು. ಮಾತಿಲ್ಲ. ಸುಂಯ್ ಸುಂಯ್ ಎಂದು ಉಸಿರು ಮಾತ್ರ.

"ಯಾವನಲೇ ನೀನು? ಬಾಯಿ ಸತ್ತೈತೇನಲೇ? ಮಾತಾಡು," ಎಂದೆ.

ಒಬ್ಬ ಟೀಚರಮ್ಮ ಕೈಯ ತುತ್ತು ಹಾಗೇ ಹಿಡಿದು ನಕ್ಕಳು. ಅವಳು ನಕ್ಕದ್ದಕ್ಕೆ ನನಗೆ ಇನ್ನಷ್ಟು ಹುಮ್ಮಸ್ಸು ಬಂತು, ಇನ್ನೂ ಎರಡು ಮಾತು ಸೇರಿಸಿದೆ, ಅವು ಬರೆಯುವಂಥವಲ್ಲ. ಆ ಕಡೆಯಿಂದ ಟಕ್ ಟಕ್ ಎಂದು ಬೆರಳಿನಿಂದ ತಟ್ಟಿದ ಸಪ್ಪಳ ಬಂತು. ತಟ್ಟಿ ತೋರಿಸುತ್ತಾನೆ ನೋಡ್ರಿ, ಎಂಥ ನಾಚಿಕೆಗೆಟ್ಟವನು ಎಂದು ಎಲ್ಲರಿಗೂ ಹೇಳಿ ಕಟ್ ಮಾಡಿದೆ. ಹುಡುಗಿ ಅಳುತ್ತಿದ್ದಳು. ಒಂದೇ ಒಂದು ಮಿಸ್ ಕಾಲ್ ಕೊಡುತ್ತೇನೆ, ಆಮೇಲೆ ನೀವೇ ಇಟ್ಟುಕೊಳ್ರಿ ಎಂದು ಬೇಡಿಕೊಂಡಳು. ಎಷ್ಟು ಹುಚ್ಚು ಹಿಡಿದಿದೆ ಇವಳಿಗೆ ಎಂದುಕೊಂಡು ನಾನು ಫೋನನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ, ನಾಳೆ ಅವ್ವನನ್ನು ಕರಕೊಂಡೇ ಬಾ ಎಂದೆ.

ಮರುದಿನ ಬೆಳಿಗ್ಗೆ ಅವಳ ಅವ್ವ ಮಗಳ ಜೊತೆ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. ತೆಳ್ಳನೆಯ ಹೆಂಗಸು, ಸೆರಗನ್ನು ಕೊರಳಿಗೆ ಸುತ್ತಿಕೊಂಡಿದ್ದರು. ನಾನು ಕೂರಿಸಲಿಲ್ಲ. ಹೆಣ್ಣುಮಕ್ಕಳಿಗೆ ಫೋನು ಕೊಡುವ ತಾಯಂದಿರ ಬಗ್ಗೆ ಶುರು ಮಾಡಿದವಳು ಊಟದ ಹೊತ್ತಿನ ಆ ಪುಂಡನ ತನಕ ಹೋದೆ. ಅವರು ತಲೆ ತಗ್ಗಿಸಿ ಎಲ್ಲ ಕೇಳಿದರು. ಸುಮ್ಮನೆ ನಿಂತರೆ ಹೇಗೆ, ಇನ್ನು ಕಳಿಸಂಗಿಲ್ಲ ಅಂತ ನಿಮ್ಮ ಬಾಯಿಂದ ಹೇಳ್ರಿ ಎಂದೆ. ಅವರು ಮಗಳ ಮುಖ ನೋಡಿದರು.

"ಅವ್ವ ಮಾತಾಡಂಗಿಲ್ರಿ. ನಿನ್ನೇನ ಹೇಳಿದ್ನಲ್ರಿ," ಎಂದಳು ಹುಡುಗಿ.

ಅವಳ ಅವ್ವ ಸೆರಗು ಸರಿಸಿದರು. ಕೊರಳಿನ ಕುಳಿಯಲ್ಲಿ ಒಂದು ತೂತು, ಅದರಲ್ಲಿ ಸಣ್ಣ ನಳಿಗೆ. ಸುಂಯ್ ಎನ್ನುವ ಆ ಉಸಿರು ಅಲ್ಲಿಂದ ಬರುತ್ತಿತ್ತು. ನನಗೆ ಇನ್ನೂ ಅರ್ಥವಾಗಿಲ್ಲ ಎಂದುಕೊಂಡರೋ ಏನೋ, ಒಳಗೆ ಬಂದು ನನ್ನ ಟೇಬಲ್ಲಿನ ಮೇಲೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿದರು. ನಿನ್ನೆ ಎತ್ತಿದ್ದು ನಾನೇ ಎನ್ನುವ ಹಾಗೆ ಎದೆ ಮುಟ್ಟಿಕೊಂಡರು. ನಿನ್ನೆ ನಕ್ಕ ಟೀಚರಮ್ಮ ಎದ್ದು ಹೊರಗೆ ಹೋದಳು. ನನಗೆ ಹೋಗಲಿಕ್ಕೆ ಜಾಗವಿರಲಿಲ್ಲ.

ಮಿಕ್ಕದ್ದನ್ನು ಹುಡುಗಿಯೇ ಹೇಳಿದಳು. ದಾವಣಗೆರೆಯಲ್ಲಿ ಗಂಟಲಿನ ಆಪರೇಷನ್ ಆಗಿ ಅವ್ವನ ದನಿ ಹೋಗಿದೆ. ಅಪ್ಪ ಲಾರಿ ಡ್ರೈವರು, ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ನಳಿಗೆಯಲ್ಲಿ ಕಫ ಕಟ್ಟಿದರೆ ಅವ್ವ ಕೂಗಿ ಕರೆಯುವ ಹಾಗಿಲ್ಲ, ಅದಕ್ಕೆ ಹುಡುಗಿಯನ್ನು ಶಾಲೆ ಬಿಡಿಸಿ ಮನೆಯಲ್ಲಿಟ್ಟುಕೊಳ್ಳಬೇಕು ಎಂದು ದೊಡ್ಡಪ್ಪ ಹಟ ಹಿಡಿದಿದ್ದ. ಬಿಡಿಸಬೇಡಿ ಎಂದು ಅವ್ವನೇ ಕೈಮುಗಿದು ಈ ಫೋನಿನ ಏರ್ಪಾಡು ಮಾಡಿದ್ದರು. ಒಂದು ಮಿಸ್ ಕಾಲ್ ಬಂದರೆ ಅವ್ವ ಚೆನ್ನಾಗಿದ್ದಾಳೆ, ಬಿಡದೆ ಬಂದರೆ ಪಕ್ಕದ ಮನೆಗೆ, ಬಾಯಿಪಾಠ ಮಾಡಿಟ್ಟುಕೊಂಡ ನಂಬರಿಗೆ, ಫೋನು ಮಾಡಬೇಕು. ಅದು ನಡೆಯುವ ತನಕ ಶಾಲೆ.

ಆಗ ನಾನು ಹೇಳಿದ್ದೇನು ಗೊತ್ತೇ? ಮೊದಲೇ ಹೇಳಬಾರದೇನವಾ ಎಂದು ಹುಡುಗಿಗೇ ಗದರಿದೆ. ಮೊದಲೇ ಹೇಳಿದವಳಿಗೆ. ತಪ್ಪಾಯಿತು ಎನ್ನುವ ಮಾತು ಗಂಟಲ ತನಕ ಬಂದಿತ್ತು. ಅಷ್ಟು ಜನರ ಮುಂದೆ ಅದನ್ನು ಆಡಲು ನನ್ನ ಸೊಕ್ಕು ಬಿಡಲಿಲ್ಲ.

ಹೆಡ್ ಮಾಸ್ತರು ಒಳ್ಳೆಯವರು, ಆ ಹುಡುಗಿಗೆ ಮಾತ್ರ ಸಡಿಲು ಬಿಟ್ಟರು. ಬೆಳಿಗ್ಗೆ ಫೋನು ನನ್ನ ಕೈಗೆ ಕೊಡುವುದು, ಒಂದೂಕಾಲಿಗೆ ಸ್ಟಾಫ್ ರೂಮಿಗೆ ಬಂದು ಮಿಸ್ ಕಾಲ್ ನೋಡಿಕೊಳ್ಳುವುದು. ಇದೊಂದು ಉಪಕಾರ ಮಾಡಿದೆವೆಂದು ನನಗೆ ಸ್ವಲ್ಪ ಹಗುರವಾಯಿತು. ಅವಳು ಬಂದು ನನ್ನ ಟೇಬಲ್ಲಿನ ಪಕ್ಕ ನಿಲ್ಲುತ್ತಿದ್ದಳು. ಮೊದಲ ದಿನ ಒಂದೂಕಾಲಾಯಿತು, ಒಂದೂವರೆಯಾಯಿತು, ಫೋನು ಸುಮ್ಮನಿತ್ತು. ಅವಳೇ ಕೊಟ್ಟರೂ ಆ ಕಡೆಯಿಂದ ತಿರುಗಿ ಬರಲಿಲ್ಲ. ಟವರ್ ಇರಂಗಿಲ್ಲ ಅಲ್ಲಿ ಎಂದೆ ನಾನು. ಅವಳು ಬುತ್ತಿ ಬಿಚ್ಚದೆ ಚೀಲ ತಗೊಂಡು ಬಸ್ಸಿಗೆ ಓಡಿದಳು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಮಧ್ಯಾಹ್ನದ ಪಾಠ ಪೂರ್ತಿ ತಪ್ಪತೊಡಗಿತು. ಹತ್ತು ದಿನ ಕಳೆದ ಮೇಲೆ ಅವಳು ಬೆಳಿಗ್ಗೆಯೂ ಬರಲಿಲ್ಲ.

ಎರಡು ವಾರ ಅವಳ ಹೆಸರಿನ ಮುಂದೆ ಗೈರುಹಾಜರಿ ಹಾಕಿ, ಒಂದು ಭಾನುವಾರ ಮಾಗಳಕ್ಕೆ ಹೋದೆ. ಅವ್ವ ಪಡಸಾಲೆಯಲ್ಲಿ ಮಲ್ಲಿಗೆ ಮೊಗ್ಗು ಕಟ್ಟುತ್ತಾ ಕೂತಿದ್ದರು. ನನ್ನನ್ನು ಕಂಡವರೇ ಸೆರಗನ್ನು ಕೊರಳಿಗೆ ಬಿಗಿಯಾಗಿ ಒತ್ತಿಹಿಡಿದರು, ಉಸಿರಿನ ಸಪ್ಪಳ ಕೇಳಬಾರದೆನ್ನುವ ಹಾಗೆ. ಹುಡುಗಿ ಚಾಪೆ ಹಾಸಿದಳು. ಶಾಲೆ ಯಾಕೆ ಬಿಟ್ಟೆ, ಫೋನಿಗೆ ಏನಾಯಿತು ಎಂದು ಕೇಳಿದೆ. ಅವಳು ನೆಲ ನೋಡುತ್ತಾ ಹೇಳಿದಳು.

"ಅವ್ವ ಫೋನ್ ಹಚ್ಚಂಗಿಲ್ರಿ ಈಗ. ಹಚ್ಚಾಕ ಕೈಗೆ ತಗೋತಾಳ್ರಿ, ಮತ್ತ ಇಟ್ಟುಬಿಡ್ತಾಳ. ನೀವು ಎತ್ತತೀರಂತ."

ಈ ಸಲದ 'ಅಂಗಿಲ್ಲ'ದ ಅರ್ಥ ನನಗೆ ಸರಿಯಾಗೇ ತಿಳಿಯಿತು. ಇನ್ನು ಎತ್ತಂಗಿಲ್ಲ, ಫೋನು ಅವಳ ಹತ್ತಿರವೇ ಇರಲಿ ಎಂದು ಅವಳ ಅವ್ವನಿಗೆ ಹೇಳಿದೆ. ಅವರು ತಲೆ ಆಡಿಸಿದರು, ಅದು ಹೂಂ ಅಂತಲೋ ಊಹೂಂ ಅಂತಲೋ ತಿಳಿಯಲಿಲ್ಲ. ಅಷ್ಟರಲ್ಲಿ ದೊಡ್ಡಪ್ಪ ಬಂದು, ಆದದ್ದು ಆಯಿತ್ರಿ, ಅಕಿ ಮನಿಯಾಗ ಇರಲಿ ಎಂದ. ಆ ತಾಯಿ, ನಾನು ಇಬ್ಬರಲ್ಲಿ ಬಾಯಿದ್ದವಳು ನಾನೊಬ್ಬಳೇ, ಆದರೂ ತಪ್ಪಾಯಿತು ಎನ್ನಲಿಕ್ಕೆ ಅವತ್ತೂ ಆಗಲಿಲ್ಲ. ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅವರು ನನ್ನ ಹಣೆಗೆ ಕುಂಕುಮ ಹಚ್ಚಿ, ಕಟ್ಟುತ್ತಿದ್ದ ಮಾಲೆಯಿಂದ ಒಂದು ಮೊಳ ಹರಿದು ಕೈಗಿಟ್ಟರು. ಮುಡಿದುಕೊಂಡೇ ಬಸ್ಸು ಹತ್ತಿದೆ.

ಅವಳು ತಿರುಗಿ ಬರಲಿಲ್ಲ. ಪರೀಕ್ಷೆಗೆ ಹೆಸರು ಕಳಿಸುವ ಹೊತ್ತಿಗೆ ಶಾಲೆ ಬಿಟ್ಟವರ ಪಟ್ಟಿ ಮಾಡಬೇಕಾಯಿತು. ಕ್ಲಾಸ್ ಟೀಚರು ನಾನೇ. ಅವಳ ಹೆಸರು ಬರೆದೆ, ಊರು ಬರೆದೆ. ಕೊನೆಗೆ ಕಾರಣ ಎಂದು ಒಂದು ಕಾಲಮ್ಮಿತ್ತು. ಅದರಲ್ಲಿ 'ಮನೆಯ ತೊಂದರೆ' ಎಂದು ಬರೆದು ಸಹಿ ಮಾಡಿದೆ.